ಕಂಚಿನ ಪಯಣಿಗರು

ಅಂಗಹೀನವಾದ ಮೂರ್ತಿಯನ್ನು ಕಂಡೊಡನೆ ಅದನ್ನು ಭಗ್ನವೆಂದು ಬಗೆಯುವುದು ಲೋಕರೂಢಿ. ಫ್ರಾನ್ಸಿನ ಸಮಕಾಲೀನ ಕಂಚಿನ ಶಿಲ್ಪಿ ಬ್ರುನೊ ಕಟಲಾನೊ ಅವರ ಕೃತಿಗಳು ಈ ರೂಢಿಯನ್ನು ಪ್ರಶ್ನಿಸುತ್ತವೆ. ‘ಪಯಣಿಗರು’ ಎಂಬ ಅವರ ಶಿಲ್ಪಮಾಲೆಯಲ್ಲಿ ಸಾಮಾನ್ಯ ಉಡುಪಿನ ಮಾನವರು ಕೈಯಲ್ಲಿ ಚೀಲವನ್ನೋ ಪೆಟ್ಟಿಗೆಯನ್ನೋ ಹಿಡಿದು ಹೆಜ್ಜೆಯಿಡುತ್ತಾರೆ. ಆದರೆ ಎದೆ, ಹೊಟ್ಟೆ, ತೋಳುಗಳಿರಬೇಕಾದೆಡೆಯಲ್ಲಿ ಬರಿಯ ತೆರಪು. ಅದರ ಮೂಲಕ ಹಿಂದಿನ ಕಡಲೋ ಬೀದಿಯೋ ಕಾಣುತ್ತದೆ.

ಇದು ಕೇವಲ ಚಮತ್ಕಾರವೆಂದು ಆಕ್ಷೇಪಿಸುವವರುಂಟು. ಶಿಲ್ಪಿಯ ಬಾಳನ್ನು ಅರಿತವರಿಗೆ ಆ ಮಾತು ಸಮ್ಮತವಾಗದು. ಸಿಸಿಲಿ ಮೂಲದ ಕುಟುಂಬದಲ್ಲಿ, ಮೊರಾಕೊ ದೇಶದ ಖುರಿಬ್ಗಾದಲ್ಲಿ 1960ರಲ್ಲಿ ಜನಿಸಿದ ಅವರು ಎಳವೆಯಲ್ಲಿಯೇ ಹುಟ್ಟುನೆಲವನ್ನು ತೊರೆದು ಫ್ರಾನ್ಸಿನ ಮಾರ್ಸೇ ಬಂದರನ್ನು ಸೇರಬೇಕಾಯಿತು. ಮುಂದೆ ನಾವಿಕರಾಗಿ ದುಡಿದರು. ಮೂವತ್ತರ ವಯಸ್ಸಿನಲ್ಲಿ ಮಣ್ಣಿನ ಮೂರ್ತಿಕಲೆಯನ್ನು ಕಲಿಯತೊಡಗಿದರು. 2004ರಲ್ಲಿ, ಫ್ರೆಂಚ್ ನಾಟಕದ ನಾಯಕ ಸಿರಾನೊನ ಮೂರ್ತಿಯೊಂದರಲ್ಲಿ ದೋಷ ತಲೆದೋರಿತು. ಅದನ್ನು ಮುಚ್ಚಿಡುವ ಬದಲು ಅವರು ಮೂರ್ತಿಯ ಎದೆಯನ್ನು ಮತ್ತಷ್ಟು ತೋಡಿದರು. ದೋಷವೇ ಶೈಲಿಯ ಬೀಜವಾಯಿತು. ನೆಲವನ್ನು ತೊರೆದವನು ತನ್ನ ಒಂದು ಪಾಲನ್ನು ಅಲ್ಲಿಯೇ ಬಿಟ್ಟು ಬರುತ್ತಾನೆ. ಆ ನಷ್ಟವನ್ನು ಧ್ವನಿಸಲು ಇಲ್ಲದ ಅಂಗಕ್ಕಿಂತ ಮಿಗಿಲಾದ ಸಾಧನವಾವುದು?

ಮಣ್ಣಿನಲ್ಲಿ ರೂಪಿಸಿದ ಆಕೃತಿಯನ್ನು ಅನಂತರ ಕಂಚಿನಲ್ಲಿ ಎರಕ ಹೊಯ್ಯುವುದು ಅವರ ಕ್ರಮ. ಹಸಿಮಣ್ಣು ತಾಳಲಾರದ ತೆರಪನ್ನು ಕಂಚಿನ ಗಟ್ಟಿತನ ತಾಳುತ್ತದೆ. ಇನ್ನೂ ಸೂಕ್ಷ್ಮವಾಗಿ ನೋಡಿದರೆ, ಅನೇಕ ಮೂರ್ತಿಗಳಲ್ಲಿ ಮೇಲಣ ದೇಹದ ಭಾರವು ತೋಳಿನ ಮೂಲಕ ಪೆಟ್ಟಿಗೆಗೆ ಇಳಿದು, ಅಲ್ಲಿಂದ ಕಾಲಿಗೆ ಸೇರುವುದನ್ನು ಕಾಣಬಹುದು. ಪಯಣಿಗನು ಹೊತ್ತ ಹೊರೆಯೇ ಪಯಣಿಗನನ್ನು ಹೊತ್ತಿದೆ! ಈ ಒಂದು ಜೋಡಣೆಯಲ್ಲಿ ಲೋಹದ ಲೆಕ್ಕಾಚಾರವೂ ಬಾಳಿನ ಅರ್ಥವೂ ಒಂದಾಗಿವೆ.

2013ರಲ್ಲಿ ಮಾರ್ಸೇ ನಗರವು ಯೂರೋಪಿನ ಸಾಂಸ್ಕೃತಿಕ ರಾಜಧಾನಿಯಾಗಿದ್ದಾಗ ಈ ಪಯಣಿಗರು ಅಲ್ಲಿಯ ಬಂದರಿನ ಬಳಿ ನಿಂತರು. 2019ರಲ್ಲಿ ವೆನಿಸ್ ನಗರವನ್ನೂ ಕಂಡರು. ಖ್ಯಾತಿಯೊಡನೆ ಅಪಾಯವೂ ಬಂದಿದೆ. ಒಂದೇ ಬಗೆಯ ತೆರಪು ಪದೇ ಪದೇ ಮರುಕಳಿಸಿದಾಗ ಅದು ಬರಿಯ ಅಭ್ಯಾಸವಾಗುವ ಭಯವುಂಟು. ನೋಡುಗನನ್ನು ಬೆರಗುಗೊಳಿಸುವುದಷ್ಟೇ ಉದ್ದೇಶವಾದೆಡೆ ಕಲೆ ಸೋಲುತ್ತದೆ. ಆದರೆ ಕೈಯ ಪೆಟ್ಟಿಗೆಯು ದೇಹವನ್ನು ಎತ್ತಿಹಿಡಿದಿರುವಲ್ಲಿ ಆ ತೆರಪು ಕೊರತೆಯಾಗಿ ಉಳಿಯುವುದಿಲ್ಲ. ಕಳೆದುಕೊಂಡೂ ನಡೆಯುವ ಮನುಷ್ಯನ ಧೈರ್ಯವಾಗಿ ನಿಲ್ಲುತ್ತದೆ. ತಪ್ಪನ್ನು ಕಂಡು ಕೃತಿಯನ್ನು ಎಸೆಯದೆ, ಅದರ ಒಳಹೊಕ್ಕು ನೋಡಿದ ಈ ಶಿಲ್ಪಿಯ ತಾಳ್ಮೆಯನ್ನು ವಿದ್ಯಾರ್ಥಿಗಳು ಮನಗಾಣಲಿ.