ಬ್ಲೇಡ್ ಸರ್ವರ್: ಉಳಿದದ್ದು ಜಾಗ, ಹೆಚ್ಚಿದ್ದು ತಲೆಬಿಸಿ

ಮೊಬೈಲ್‌ನಲ್ಲಿ ಹಣ ಕಳಿಸಿದಾಗ, ರೈಲು ಟಿಕೆಟ್ ಬುಕ್ ಮಾಡಿದಾಗ ಅಸಲಿ ಕೆಲಸ ನಡೆಯುವುದು ಡೇಟಾ ಸೆಂಟರ್‌ಗಳಲ್ಲಿ. ದೇಶದ ಡೇಟಾ ಸೆಂಟರ್ ಸಾಮರ್ಥ್ಯದಲ್ಲಿ ದೊಡ್ಡ ಪಾಲು ಮುಂಬೈ ಮತ್ತು ನವಿ ಮುಂಬೈನದ್ದು. ಅಲ್ಲಿ ಜಾಗ ದುಬಾರಿ. ಹಾಗಾಗಿ ಕಡಿಮೆ ಜಾಗದಲ್ಲಿ ಹೆಚ್ಚು ಯಂತ್ರ ಕೂರಿಸುವ ಬ್ಲೇಡ್ ಸರ್ವರ್‌ಗಳು ದೊಡ್ಡ ಸಂಸ್ಥೆಗಳನ್ನು ಸೆಳೆದದ್ದು ಸಹಜ. ಆದರೆ ಜಾಗ ಉಳಿಯಿತು ಎಂಬುದು ಅರ್ಧ ಲೆಕ್ಕ ಮಾತ್ರ.

ಬ್ಲೇಡ್ ಸರ್ವರ್ ಎಂದರೆ ಪುಸ್ತಕದಂತೆ ತೆಳ್ಳಗಿನ ಸರ್ವರ್. ಇಂಥ ಹಲವು ಸರ್ವರ್‌ಗಳನ್ನು ಚಾಸಿ ಎಂಬ ಒಂದೇ ಪೆಟ್ಟಿಗೆಯಲ್ಲಿ ಜೋಡಿಸುತ್ತಾರೆ. ವಿದ್ಯುತ್, ಫ್ಯಾನ್, ನೆಟ್‌ವರ್ಕ್ ಎಲ್ಲವೂ ಹಂಚಿಕೆ. 2006ರಲ್ಲಿ ಎಚ್‌ಪಿ ತಂದ ಸಿ7000 ಚಾಸಿಯಲ್ಲಿ 16 ಬ್ಲೇಡ್ ಹಿಡಿಯುತ್ತಿದ್ದವು. ಸಾಮಾನ್ಯ ರ‍್ಯಾಕ್‌ನಲ್ಲಿ ಅತಿ ತೆಳುವಾದ ಮಾಮೂಲಿ ಸರ್ವರ್‌ಗಳು 42 ಕೂತರೆ, ಅದೇ ಜಾಗದಲ್ಲಿ ಇಂಥ ನಾಲ್ಕು ಚಾಸಿ ಇಟ್ಟು 64 ಬ್ಲೇಡ್ ಕೂರಿಸಬಹುದು. ಕೇಬಲ್‌ಗಳ ಗೋಜಲೂ ಕಡಿಮೆ.

ಬಿಸಿ ಮತ್ತು ಭಾರ

ತೊಡಕು ಶುರುವಾಗುವುದು ಇಲ್ಲೇ. ಹಳೆಯ ಡೇಟಾ ಸೆಂಟರ್‌ಗಳನ್ನು ಒಂದು ರ‍್ಯಾಕ್‌ಗೆ ಸುಮಾರು 5ರಿಂದ 10 ಕಿಲೋವ್ಯಾಟ್ ಲೆಕ್ಕದಲ್ಲಿ ಕಟ್ಟಲಾಗಿದೆ. ತುಂಬಿದ ಚಾಸಿ ಒಂದೇ ಹಲವು ಕಿಲೋವ್ಯಾಟ್ ಎಳೆಯುತ್ತದೆ. ನಾಲ್ಕನ್ನು ಒಟ್ಟಿಗಿಟ್ಟರೆ ಅಲ್ಲಿನ ಎಸಿಗೆ ಆ ಬಿಸಿ ತಡೆಯಲಾಗದು. ಹಾಗಾಗಿ ಎಷ್ಟೋ ಕಡೆ ರ‍್ಯಾಕ್‌ಗೆ ಒಂದೋ ಎರಡೋ ಚಾಸಿ ಇಟ್ಟು ಉಳಿದ ಜಾಗ ಖಾಲಿ ಬಿಡಬೇಕಾಗುತ್ತದೆ. ಅಲ್ಲಿಗೆ ಜಾಗದ ಉಳಿತಾಯವೂ ಹೋಯಿತು. ಭಾರವೂ ಕಡಿಮೆಯಲ್ಲ: ತುಂಬಿದ ಸಿ7000 ತೂಕ 200 ಕೆ.ಜಿ.ಗೂ ಹೆಚ್ಚು.

ಒಂದೇ ಕಂಪನಿಯ ಹಂಗು

ಒಂದು ಕಂಪನಿಯ ಚಾಸಿಯಲ್ಲಿ ಇನ್ನೊಂದರ ಬ್ಲೇಡ್ ಕೂರುವುದಿಲ್ಲ. ಅದೇ ಕಂಪನಿ ಹೊಸ ಮಾದರಿ ತಂದರೂ ಕಷ್ಟ. ಸಿ7000ದ ಬ್ಲೇಡ್‌ಗಳು ನಂತರ ಬಂದ ಎಚ್‌ಪಿಇ ಸಿನರ್ಜಿಯಲ್ಲಿ ಹಿಡಿಯುವುದಿಲ್ಲ. 2014ರಲ್ಲಿ ಐಬಿಎಂ ತನ್ನ ಎಕ್ಸ್86 ಸರ್ವರ್ ವ್ಯವಹಾರವನ್ನು ಲೆನೊವೊಗೆ ಮಾರಿದಾಗ, ಅದರ ಬ್ಲೇಡ್ ನಂಬಿದ್ದ ಗ್ರಾಹಕರೂ ಹೊಸ ಕಂಪನಿಯ ಕೈಗೆ ಹೋದರು.

ಮೊದಲ ಖರ್ಚೂ ಜಾಸ್ತಿ. ನಾಲ್ಕೇ ಸರ್ವರ್ ಬೇಕಿದ್ದರೂ ಇಡೀ ಚಾಸಿ, ಅದರ ಸ್ವಿಚ್, ಫ್ಯಾನ್ ಎಲ್ಲ ಕೊಳ್ಳಬೇಕು. ಇನ್ನು ಚಾಸಿಯಲ್ಲೇ ದೋಷ ಬಂದರೆ 16 ಸರ್ವರ್‌ಗಳೂ ಒಟ್ಟಿಗೆ ನಿಲ್ಲುವ ಅಪಾಯವಿದೆ. ಬದಲಿ ವ್ಯವಸ್ಥೆಯನ್ನು ಅದೇ ಪೆಟ್ಟಿಗೆಯಲ್ಲಿ ಇಟ್ಟವರಿಗೆ ಆಗ ಗತಿಯಿಲ್ಲ.

ಎಐ ಕಾಲದ ಹೊಸ ಮಿತಿ

ಈಗ ಎಲ್ಲರ ಕಣ್ಣು ಎಐ ಮೇಲೆ. ಎನ್‌ವಿಡಿಯಾದ ಎಚ್100 ಚಿಪ್‌ನ ಒಂದು ಮಾದರಿ 700 ವ್ಯಾಟ್‌ವರೆಗೆ ವಿದ್ಯುತ್ ಬಳಸುತ್ತದೆ. ಇಂಥ ಎಂಟು ಚಿಪ್ ಒಂದು ಸರ್ವರ್‌ನಲ್ಲಿದ್ದರೆ ಅವುಗಳಿಗೇ 5.6 ಕಿಲೋವ್ಯಾಟ್ ಬೇಕು. ತೆಳ್ಳಗಿನ ಬ್ಲೇಡ್‌ನಲ್ಲಿ ಇದಕ್ಕೆ ಜಾಗವೂ ಇಲ್ಲ, ಗಾಳಿಯೂ ಸಾಲದು.

ಹಾಗೆಂದು ಬ್ಲೇಡ್ ದಂಡ ಎನ್ನಲಾಗದು. ಚಾಸಿ ಪೂರ್ತಿ ತುಂಬುವಷ್ಟು ಕೆಲಸ, ತಕ್ಕ ಕೂಲಿಂಗ್ ಇದ್ದವರಿಗೆ ಅದು ಇಂದಿಗೂ ಅನುಕೂಲವೇ. ಆದರೆ ಸಾರ್ವಜನಿಕರ ದುಡ್ಡಿನಲ್ಲಿ ಖರೀದಿಸುವ ಬ್ಯಾಂಕ್, ವಿಶ್ವವಿದ್ಯಾಲಯ, ಸರ್ಕಾರಿ ಇಲಾಖೆಗಳು ಟೆಂಡರ್‌ಗೆ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಲಿ: ಚಾಸಿ ಎಷ್ಟು ವರ್ಷದಲ್ಲಿ ತುಂಬುತ್ತದೆ? ನಮ್ಮ ರ‍್ಯಾಕ್‌ಗೆ ಎಷ್ಟು ಕಿಲೋವ್ಯಾಟ್ ಸಿಗುತ್ತದೆ? ಐದು ವರ್ಷದ ನಂತರ ಇದರ ಬ್ಲೇಡ್ ಸಿಗುತ್ತದೆಯೇ? ಉತ್ತರವಿಲ್ಲದೆ ಸಹಿ ಹಾಕಿದರೆ, ಅರ್ಧ ಖಾಲಿ ಪೆಟ್ಟಿಗೆಗೆ ಪೂರ್ತಿ ಬಿಲ್ ಕಟ್ಟುವವರು ನಾವೇ.