ವಯಸ್ಸಾಯ್ತು ಅನ್ನೋದು ಕಾಯಿಲೆಯ ಹೆಸರಲ್ಲ

ಮನುಷ್ಯರ ಹಲ್ಲಿಗೆ ಮೈಸೂರಿನಲ್ಲಿ ಜೆಎಸ್‌ಎಸ್, ಫರೂಕಿಯಾ ಅಂತ ಡೆಂಟಲ್ ಕಾಲೇಜುಗಳೇ ಇವೆ. ನಮಗಿರೋದು 32 ಹಲ್ಲು, ನಾಯಿಗೆ 42. ಮನೆಯ ನಾಯಿಗೆ ವಯಸ್ಸಾದ ಮೇಲೆ ಆ 42 ಹಲ್ಲಿಗೆ ನಾವು ಕೊಡೋ ಚಿಕಿತ್ಸೆ ಒಂದೇ: "ವಯಸ್ಸಾಯ್ತಲ್ಲ, ಬಿಡಿ."

ಸಂಜೆ ಕುವೆಂಪುನಗರ, ಸರಸ್ವತಿಪುರಂ ಕಡೆ ವಾಕಿಂಗ್ ಬರೋ ನಾಯಿಗಳನ್ನ ನೋಡಿ. ಬೆಲ್ಟು ಬ್ರ್ಯಾಂಡೆಡ್, ಶಾಂಪೂ ಇಂಪೋರ್ಟೆಡ್, ಬರ್ತ್‌ಡೇಗೆ ಕೇಕು. ಅದೇ ನಾಯಿ ಮುಖ ನೆಕ್ಕೋಕೆ ಬಂದ್ರೆ ಸಾಕಿದವರೇ ಮೂಗು ಮುಚ್ಚಿಕೊಳ್ತಾರೆ. ಆ ವಾಸನೆ ಮುಪ್ಪಿನದಲ್ಲ, ಸಾಮಾನ್ಯವಾಗಿ ಒಸಡಿನ ಸೋಂಕಿನದು. ಹಲ್ಲಿನ ಮೇಲೆ ಕೂರೋ ಲೋಳೆ ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಟಾರ್ಟರ್ ಆಗುತ್ತೆ. ಸೋಂಕು ಒಸಡಿನ ಕೆಳಗಿಳಿದು ಹಲ್ಲು ಹಿಡಿದಿರೋ ಮೂಳೆಯನ್ನೇ ಸವೆಸುತ್ತೆ. ಆಫೀಸಿನ ಸರ್ವರ್ ಅಲರ್ಟ್ ಬಂದ್ರೆ ರಾತ್ರಿ 2 ಗಂಟೆಗೂ ಎದ್ದು ಲಾಗಿನ್ ಆಗೋ ಜನ, ಮನೆಯ ಈ ಅಲರ್ಟನ್ನ ವರ್ಷಗಟ್ಟಲೆ ಮ್ಯೂಟ್ ಮಾಡಿಟ್ಟಿರ್ತಾರೆ.

"ಊಟ ಮಾಡುತ್ತಲ್ಲ?" ಮಾಡುತ್ತೆ. ಹಸಿವು ನೋವನ್ನ ಕೇಳಲ್ಲ. ಆದ್ರೆ ಒಂದೇ ಪಕ್ಕದಲ್ಲಿ ಅಗಿಯೋದು, ಬಾಯಿಂದ ಊಟ ಬೀಳಿಸೋದು, ಗಟ್ಟಿ ಬಿಸ್ಕತ್ತು ಮೂಸಿ ಬಿಟ್ಟು ಹೋಗೋದು, ದವಡೆ ಮುಟ್ಟಿದ್ರೆ ಗುರ್ ಅನ್ನೋದು, ಇವೆಲ್ಲ ನಾಯಿ ಕೊಡೋ ದೂರು.

"ಹಳ್ಳಿ ನಾಯಿಗೆ ಯಾರು ಬ್ರಷ್ ಮಾಡ್ತಿದ್ರು?" ನಾನೂ ಹಳ್ಳೀಲೇ ಬೆಳೆದವನು, ಈ ವಾದ ನನ್ನ ಹತ್ರ ನಡೆಯಲ್ಲ. ನಮ್ಮೂರಲ್ಲಿ ಹದಿಮೂರು ವರ್ಷ ಬದುಕಿದ ನಾಯಿಗಳೆಷ್ಟು? ಬದುಕಿದವುಗಳ ಬಾಯಿ ತೆಗೆದು ನೋಡಿದವರು ಯಾರು? ಆಯಸ್ಸು ಮಾತ್ರ ಸಿಟೀದು, ಆರೈಕೆ ಹಳ್ಳೀದು ಅಂದ್ರೆ ಹೇಗೆ ಸ್ವಾಮಿ?

"ಈ ವಯಸ್ಸಲ್ಲಿ ಅರಿವಳಿಕೆ ಕೊಟ್ಟು ಏನಾದ್ರೂ ಆದ್ರೆ?" ಭಯ ನ್ಯಾಯವಾದದ್ದೇ. ಅದಕ್ಕೆ ಉತ್ತರ ರಕ್ತಪರೀಕ್ಷೆ, ಹೃದಯ ಮತ್ತು ಕಿಡ್ನಿ ತಪಾಸಣೆ. ಕೈಕಟ್ಟಿ ಕೂರೋದಲ್ಲ. ಏಳನೇ ವರ್ಷದಲ್ಲಿ ಸುಲಭವಾಗಿ ಆಗ್ತಿದ್ದ ಕೆಲಸವನ್ನ ಹನ್ನೆರಡಕ್ಕೆ ತಳ್ಳಿದ್ದು ನಾಯಿಯಲ್ಲ. ಅರಿವಳಿಕೆ ಇಲ್ಲದೆ ಹಲ್ಲು ಕ್ಲೀನ್ ಮಾಡ್ತೀವಿ ಅನ್ನೋರನ್ನೂ ನಂಬಬೇಡಿ. ಮೇಲಿನ ಕಲೆ ಹೋಗುತ್ತೆ, ಒಸಡಿನ ಕೆಳಗಿನದು ಹಾಗೇ ಉಳಿಯುತ್ತೆ. ತೇವ ಹಿಡಿದ ಗೋಡೆಗೆ ಸುಣ್ಣ ಬಳಿದ ಹಾಗೆ.

ಇನ್ನೊಂದು ಮಾತಿದೆ. ಇಂಜಿನಿಯರಿಂಗ್ ಓದುವಾಗ ಹಟ ಮಾಡಿ ಮರಿ ತಂದ ಎಷ್ಟೋ ಜನ ಕೆಲಸ ಸಿಕ್ಕಿದ ತಕ್ಷಣ ಬೆಂಗಳೂರಿಗೆ ಹೊರಟ್ರು. ನಾಯಿ ಅಪ್ಪ-ಅಮ್ಮನ ಪಾಲಿಗೆ ಉಳೀತು. "ಯಾಕೋ ಚಪಾತಿ ಬಿಡ್ತಿದೆ ಕಣೋ" ಅಂತ ಅಮ್ಮ ಫೋನಲ್ಲಿ ಹೇಳಿದ್ರೆ, "ವಯಸ್ಸಾಯ್ತಲ್ಲಮ್ಮ" ಅನ್ನೋ ಉತ್ತರ ರೆಡಿ. ಅಮ್ಮನ ಮಂಡಿನೋವಿಗೂ ನಾವು ಇದನ್ನೇ ಹೇಳ್ತೀವಿ. ವಯಸ್ಸಿನ ಮೇಲೆ ಹಾಕಿಬಿಟ್ರೆ ರಜೆ ಹಾಕಬೇಕಿಲ್ಲ, ದುಡ್ಡು ಬಿಚ್ಚಬೇಕಿಲ್ಲ.

ಈ ಶನಿವಾರ ಮೈಸೂರಿಗೆ ಹೋದಾಗ ಸೆಲ್ಫಿಗೆ ಮೊದಲು ನಾಯಿಯ ತುಟಿ ಮೆಲ್ಲಗೆ ಎತ್ತಿ ನೋಡಿ. ಒಸಡು ಕೆಂಪಾಗಿದ್ರೆ, ಹಿಂದಿನ ಹಲ್ಲಿಗೆ ಕಂದು ಪೊರೆ ಕಟ್ಟಿದ್ರೆ, ಹಲ್ಲು ಅಲ್ಲಾಡಿದ್ರೆ ಬ್ರಷ್ ತರಬೇಡಿ, ಪಶುವೈದ್ಯರ ಹತ್ರ ಕರ್ಕೊಂಡು ಹೋಗಿ. ಬ್ರಷ್ ಆಮೇಲೆ, ನಾಯಿಗಂತಲೇ ಮಾಡಿದ ಪೇಸ್ಟಿನ ಜೊತೆ. ನಮ್ಮ ಪೇಸ್ಟು ಬೇಡ. ನಾಯಿ ಉಗುಳಲ್ಲ, ನುಂಗುತ್ತೆ, ಮತ್ತೆ ಕೆಲವು ಪೇಸ್ಟಲ್ಲಿರೋ ಜೈಲಿಟಾಲ್ ಅದಕ್ಕೆ ವಿಷ. ಕೆಟ್ಟ ಹಲ್ಲು ಕೀಳಿಸಬೇಕಾಗಿ ಬಂದ್ರೂ ಹೆದರಬೇಡಿ. ಹಲ್ಲಿಲ್ಲದ ನಾಯಿ ಮೆತ್ತಗಿನ ಅನ್ನ ತಿಂದು ನೆಮ್ಮದಿಯಾಗಿರುತ್ತೆ. ನೋಯೋ ಹಲ್ಲಿರೋ ನಾಯಿಗೆ ಆ ನೆಮ್ಮದಿ ಇಲ್ಲ.