ಜೀನ್ ವರದಿಯಲ್ಲಿ ‘ಎಟಿಎಂ’ ಎಂದಿದೆಯೇ? ಅದು ಬ್ಯಾಂಕಿನದಲ್ಲ

ಚೆನ್ನೈನ ಗಿಂಡಿ ರಾಷ್ಟ್ರೀಯ ಉದ್ಯಾನಕ್ಕೆ ಹೊಂದಿಕೊಂಡಿರುವ ಐಐಟಿ ಮದ್ರಾಸ್, 2025ರ ಫೆಬ್ರುವರಿಯಲ್ಲಿ ‘ಭಾರತ್ ಕ್ಯಾನ್ಸರ್ ಜೀನೋಮ್ ಅಟ್ಲಾಸ್’ ಬಿಡುಗಡೆ ಮಾಡಿತು. 480 ಸ್ತನ ಕ್ಯಾನ್ಸರ್ ರೋಗಿಗಳ ಮಾದರಿಗಳಿಂದ ನಡೆಸಿದ 960 ಎಕ್ಸೋಮ್ ಪರೀಕ್ಷೆಗಳ ಮಾಹಿತಿ ಅದರಲ್ಲಿದೆ. ಎಕ್ಸೋಮ್ ಎಂದರೆ ಜೀನುಗಳಲ್ಲಿ ಪ್ರೋಟೀನ್ ತಯಾರಿಕೆಗೆ ಸೂಚನೆ ಕೊಡುವ ಭಾಗ. ಇಂಥ ಪರೀಕ್ಷೆಯ ವರದಿ ಈಗ ರೋಗಿಗಳ ಕೈಗೂ ಬರುತ್ತಿದೆ. ಬಿಆರ್‌ಸಿಎ, ಎಟಿಎಂ, ಚೆಕ್2, ಟಿಪಿ53 ಎಂಬ ಹೆಸರುಗಳನ್ನು ಓದಿ ನೀವು ಗಾಬರಿಯಾಗಿರಬಹುದು.

ಇವೆಲ್ಲ ಒಂದೇ ಕೆಲಸಕ್ಕೆ ಸೇರಿದವು: ಕೆಟ್ಟ ಡಿಎನ್‌ಎಯನ್ನು ನೋಡಿಕೊಳ್ಳುವುದು. ರೈಲು ಹಳಿ ಬಿರುಕು ಬಿಟ್ಟಿರುವುದನ್ನು ಕಂಡ ಕೀಮ್ಯಾನ್ ಮೊದಲು ಕೆಂಪು ಬಾವುಟ ತೋರಿಸುತ್ತಾನೆ. ಗಾಡಿ ನಿಂತ ಮೇಲೆ ರಿಪೇರಿ. ಜೀವಕೋಶದಲ್ಲೂ ಹಾಗೆಯೇ. ಡಿಎನ್‌ಎಯ ಎರಡೂ ಎಳೆ ತುಂಡಾದರೆ ಎಟಿಎಂ ಎಂಬ ಪ್ರೋಟೀನ್ ಎಚ್ಚೆತ್ತು, ಇತರ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಇದೇ ಫಾಸ್ಫಾರಿಲೇಷನ್. ತುಂಡಾದ ಜಾಗದ ಅಕ್ಕಪಕ್ಕದ ಎಚ್2ಎಎಕ್ಸ್ ಪ್ರೋಟೀನಿಗೆ ಕೆಲವೇ ನಿಮಿಷಗಳಲ್ಲಿ ಫಾಸ್ಫೇಟ್ ಅಂಟುತ್ತದೆ. ರಿಪೇರಿಯ ಪ್ರೋಟೀನುಗಳು ಆ ಗುರುತು ಹಿಡಿದು ಬರುತ್ತವೆ. ಚೆಕ್2 ಮತ್ತು ಪಿ53ಗೆ ಅಂಟಿದರೆ ಕೋಶ ವಿಭಜನೆ ನಿಲ್ಲುತ್ತದೆ. ರಿಪೇರಿ ಸಾಧ್ಯವೇ ಇಲ್ಲವೆಂದಾದರೆ ಕೋಶ ತಾನೇ ಸಾಯುತ್ತದೆ.

ರೇಡಿಯೇಷನ್ ಚಿಕಿತ್ಸೆ ಮಾಡುವುದು ಡಿಎನ್‌ಎಯನ್ನು ತುಂಡರಿಸುವುದನ್ನೇ. ‘ಒಂದೇ ದಿನ ಕೊಟ್ಟು ಮುಗಿಸಬಾರದೇ’ ಎಂದು ಊರು ಬಿಟ್ಟು ಬಂದು ವಾರಗಟ್ಟಲೆ ರೂಮು ಮಾಡಿಕೊಂಡಿರುವವರು ಕೇಳುತ್ತಾರೆ. ಆ ಖರ್ಚು, ಆ ಕಾಯುವಿಕೆ ಸುಮ್ಮನೆ ಅಲ್ಲ. ಆದರೆ ಎರಡು ಡೋಸ್‌ಗಳ ನಡುವೆ ಆರೋಗ್ಯವಂತ ಕೋಶಗಳು ಸಾಮಾನ್ಯವಾಗಿ ಚೆನ್ನಾಗಿ ರಿಪೇರಿ ಮಾಡಿಕೊಳ್ಳುತ್ತವೆ. ಹಲವು ಗಡ್ಡೆಗಳಲ್ಲಿ ಈ ವ್ಯವಸ್ಥೆಯೇ ಕೆಟ್ಟಿರುತ್ತದೆ. ಮಧ್ಯೆ ದಿನ ತಪ್ಪಿಸಿದರೆ ಉಳಿದ ಗಡ್ಡೆ ಕೋಶಗಳು ಬೆಳೆಯಲು ಸಮಯ ಸಿಗುತ್ತದೆ.

ವರದಿಯಲ್ಲಿ ಎಟಿಎಂ ಬದಲಾವಣೆ ಇದ್ದರೆ ಮೊದಲು ಕೇಳಬೇಕಾದದ್ದು: ಅದು ಗಡ್ಡೆಯಲ್ಲಿ ಮಾತ್ರ ಇದೆಯೇ, ಹುಟ್ಟಿನಿಂದ ಬಂದದ್ದೇ? ಹುಟ್ಟಿನಿಂದ ಬಂದದ್ದಾದರೆ ಅಕ್ಕತಂಗಿಯರು, ಮಕ್ಕಳಿಗೂ ಆನುವಂಶಿಕ ಸಮಾಲೋಚನೆ ಬೇಕಾಗಬಹುದು. ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ ‘ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ’ ಎಂಬ ಅಪರೂಪದ ಕಾಯಿಲೆ. ಅಂಥವರಿಗೆ ರೇಡಿಯೇಷನ್ ತೀರಾ ಅಪಾಯ. ಒಂದೇ ಪ್ರತಿ ಕೆಟ್ಟಿದ್ದರೆ ಸ್ತನ ಕ್ಯಾನ್ಸರಿನ ಸಾಧ್ಯತೆ ಹೆಚ್ಚುತ್ತದೆ, ಆದರೆ ಅದೊಂದೇ ಕಾರಣಕ್ಕೆ ಅಗತ್ಯವಿರುವ ರೇಡಿಯೇಷನ್ ಬಿಡಬೇಕಾಗಿಲ್ಲ. ವಾಟ್ಸ್ಆ್ಯಪ್ ಓದಿ ಬೇಡವೆನ್ನುವ ಮೊದಲು ವರದಿಯನ್ನು ನಿಮ್ಮ ಆಂಕಾಲಜಿಸ್ಟರ ಮುಂದಿಡಿ.